ಪದ ಪರಿಚಯ: ಝೋನಿಂಗ್ ಅಥವಾ ವಲಯ ನಿಯಮ

ಸೈಟು ಕೊಳ್ಳುವ ಮುನ್ನ ಖಾತೆ ನೋಡುತ್ತೇವೆ, ಇಸಿ (ಋಣಭಾರ ಪ್ರಮಾಣಪತ್ರ) ತೆಗೆಸುತ್ತೇವೆ, ಮೂಲಪತ್ರ ಕೇಳುತ್ತೇವೆ. ಆದರೆ ಆ ಜಾಗ ಮಾಸ್ಟರ್ ಪ್ಲಾನಿನಲ್ಲಿ, ಅಂದರೆ ಊರಿನ ಯಾವ ಭಾಗ ಯಾವ ಬಳಕೆಗೆ ಎಂದು ಗುರುತಿಸಿದ ಯೋಜನಾ ನಕ್ಷೆಯಲ್ಲಿ, ಯಾವ ಬಣ್ಣದಲ್ಲಿದೆ ಎಂದು ನೋಡುವವರು ಕಡಿಮೆ. ಜಾಗ ಯಾರದು ಎಂಬುದಕ್ಕೆ ಪತ್ರಗಳು ಉತ್ತರ ಕೊಡುತ್ತವೆ. ಅಲ್ಲಿ ಏನು ಮಾಡಬಹುದು, ಎಷ್ಟು ಕಟ್ಟಬಹುದು ಎಂಬುದಕ್ಕೆ ಉತ್ತರ ಇರುವುದು ವಲಯ ನಿಯಮದಲ್ಲಿ.

ಬೆಂಗಳೂರಿನ ನಕ್ಷೆಯಲ್ಲಿ ಹಳದಿ ಎಂದರೆ ವಸತಿ, ನೀಲಿ ವಾಣಿಜ್ಯ, ನೇರಳೆ ಕೈಗಾರಿಕೆ, ಕೆಂಪು ಶಾಲೆ, ಆಸ್ಪತ್ರೆಗಳಂಥ ಸಾರ್ವಜನಿಕ ಬಳಕೆ, ಹಸಿರು ಉದ್ಯಾನ. ಬ್ರೋಕರ್‌ಗಳು ‘ಯೆಲ್ಲೋ ಝೋನ್ ಸಾರ್’ ಎನ್ನುವುದು ಈ ಹಳದಿಯನ್ನೇ.

ಇಂಥ ನಿಯಮ ಯಾಕೆ ಬೇಕಾಯಿತು ಎಂಬುದು ನ್ಯೂಯಾರ್ಕ್‌ನ ಕಥೆಯಿಂದ ಚೆನ್ನಾಗಿ ತಿಳಿಯುತ್ತದೆ. 1915ರಲ್ಲಿ ಅಲ್ಲಿ ಈಕ್ವಿಟಬಲ್ ಕಟ್ಟಡ ಎದ್ದಿತು. ಫುಟ್‌ಪಾತ್ ಅಂಚಿನಿಂದ ನೆಟ್ಟಗೆ 38 ಮಹಡಿ, ಎಲ್ಲೂ ಹಿಂದೆ ಸರಿದಿಲ್ಲ. ಅಕ್ಕಪಕ್ಕದ ಕಟ್ಟಡಗಳಿಗೆ ಹಗಲಲ್ಲೇ ಕತ್ತಲು. ಮರುವರ್ಷ, 1916ರಲ್ಲಿ, ಇಡೀ ನಗರಕ್ಕೆ ಅನ್ವಯಿಸುವ ವಲಯ ನಿಯಮ ಬಂತು. ನನ್ನ ಜಾಗದಲ್ಲಿ ನಾನು ಏನಾದರೂ ಕಟ್ಟುತ್ತೇನೆ ಎಂಬ ಹಕ್ಕಿಗೆ, ಪಕ್ಕದವನ ಗಾಳಿ ಬೆಳಕು ಮಿತಿಯಾಯಿತು. ಆದರೆ ಇದೇ ಅಧಿಕಾರವನ್ನು ಅಮೆರಿಕದ ಕೆಲವು ನಗರಗಳು ಕಪ್ಪು ಜನರನ್ನು ಬಿಳಿಯರ ಬೀದಿಗಳಿಂದ ದೂರವಿಡಲು ಬಳಸಿದವು. ಅಂಥ ಕಾನೂನನ್ನು ಅಲ್ಲಿನ ಸುಪ್ರೀಂ ಕೋರ್ಟ್ 1917ರಲ್ಲಿ ತಳ್ಳಿಹಾಕಬೇಕಾಯಿತು. ಗೆರೆ ಎಳೆಯುವವರ ಉದ್ದೇಶವೇನು ಎಂದು ಜನ ಕೇಳುತ್ತಲೇ ಇರಬೇಕು.

ನಮ್ಮಲ್ಲಿ ಇದಕ್ಕೆ ಆಧಾರ 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ. ಹತ್ತು ವರ್ಷಕ್ಕೊಮ್ಮೆಯಾದರೂ ಮಾಸ್ಟರ್ ಪ್ಲಾನ್ ಪರಿಷ್ಕರಿಸಬೇಕು ಎನ್ನುತ್ತದೆ ಅದು. ಬೆಂಗಳೂರು ಮಾತ್ರ 2007ರಲ್ಲಿ ಒಪ್ಪಿಗೆ ಪಡೆದ, 2015ರವರೆಗಿನ ಪ್ಲಾನನ್ನೇ ಅವಧಿ ಮುಗಿದ ಮೇಲೂ ವರ್ಷಗಟ್ಟಲೆ ಎಳೆದಿದೆ. 2031ರವರೆಗಿನ ಪ್ಲಾನಿನ ಕರಡು ಬಂದು, ವಾಪಸ್ಸೂ ಹೋಯಿತು. ಊರು ಬೆಳೆಯುವುದು ಪ್ಲಾನಿಗೆ ಕಾಯುವುದಿಲ್ಲವಲ್ಲ.

ಬಳಕೆಯ ನಂತರ ಬರುವುದು ಅಳತೆ. ಅದರಲ್ಲಿ ಮುಖ್ಯವಾದದ್ದು ಎಫ್‌ಎಆರ್: ಎಲ್ಲ ಮಹಡಿಗಳ ಒಟ್ಟು ವಿಸ್ತೀರ್ಣವನ್ನು ಸೈಟಿನ ವಿಸ್ತೀರ್ಣದಿಂದ ಭಾಗಿಸಿದರೆ ಬರುವ ಸಂಖ್ಯೆ. 30×40 ಸೈಟು 1200 ಚದರಡಿ. ಎಫ್‌ಎಆರ್ 1.75 ಇದ್ದರೆ ಎಲ್ಲ ಮಹಡಿ ಸೇರಿ 2100 ಚದರಡಿ ಕಟ್ಟಬಹುದು. ಅದೇ ಸೈಟಿನಲ್ಲಿ ಸಾವಿರ ಚದರಡಿಯಂತೆ ಐದು ಮಹಡಿ ಎಬ್ಬಿಸಿದರೆ ಎಫ್‌ಎಆರ್ 4 ದಾಟುತ್ತದೆ. ಒಂದು ಸಂಸಾರಕ್ಕೆಂದು ಹಾಕಿದ ಒಳಚರಂಡಿ ಪೈಪಿಗೆ ಹತ್ತು ಸಂಸಾರದ ನೀರು ಬೀಳುತ್ತದೆ, ಕಾರುಗಳು ರಸ್ತೆಗಿಳಿಯುತ್ತವೆ, ಬೆಂಕಿ ಬಿದ್ದರೆ ಅಗ್ನಿಶಾಮಕ ವಾಹನ ತಿರುವಿನಲ್ಲೇ ನಿಲ್ಲುತ್ತದೆ. ರಸ್ತೆ ಅಗಲವಾದಷ್ಟೂ ಎಫ್‌ಎಆರ್ ಹೆಚ್ಚು ಸಿಗುವುದು ಇದಕ್ಕೇ.

ಕಟ್ಟಡದ ಸುತ್ತ ಬಿಡಬೇಕಾದ ಖಾಲಿ ಜಾಗ ಸೆಟ್‌ಬ್ಯಾಕ್. ಎರಡೂ ಕಡೆಯವರು ಅದನ್ನು ನುಂಗಿದರೆ ಒಬ್ಬರ ಅಡುಗೆಮನೆ ಕಿಟಕಿ ಇನ್ನೊಬ್ಬರ ಗೋಡೆಗೆ ತೆರೆದುಕೊಳ್ಳುತ್ತದೆ. ಒಗ್ಗರಣೆಯ ಹೊಗೆಗೂ ದಾರಿಯಿಲ್ಲ. ಪ್ಲಾನ್ ಮಂಜೂರಾಗುವಾಗ ಸೆಟ್‌ಬ್ಯಾಕ್ ಇರುತ್ತದೆ, ಮೋಲ್ಡ್ ಹಾಕುವ ಹೊತ್ತಿಗೆ ಕರಗಿರುತ್ತದೆ. ಇದನ್ನು ಸಣ್ಣ ತಪ್ಪೆಂದು ನಾನು ಒಪ್ಪುವುದಿಲ್ಲ.

ಕೆರೆ, ರಾಜಕಾಲುವೆಗಳ ಪಕ್ಕ ಬಿಡಬೇಕಾದ ಅಂತರವೂ ವಲಯ ನಿಯಮದ ಭಾಗವೇ. 2015ರ ಪ್ಲಾನಿನಲ್ಲಿ ಕೆರೆಗೆ 30 ಮೀಟರ್ ಇತ್ತು. ಹಸಿರು ನ್ಯಾಯಮಂಡಳಿ 2016ರಲ್ಲಿ 75 ಮೀಟರ್ ಎಂದಿತು. 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು.

ಇನ್ನೊಂದು ಗೊಂದಲ: ಡಿಸಿ ಕನ್ವರ್ಷನ್ (ಕೃಷಿ ಜಮೀನನ್ನು ಬೇರೆ ಬಳಕೆಗೆ ಬದಲಿಸಲು ಜಿಲ್ಲಾಧಿಕಾರಿ ಕೊಡುವ ಅನುಮತಿ) ಆಗಿದೆ ಎಂದ ಮಾತ್ರಕ್ಕೆ ಅಲ್ಲಿ ಏನು ಬೇಕಾದರೂ ಕಟ್ಟಬಹುದು ಎಂದಲ್ಲ. ಭೂ ಪರಿವರ್ತನೆ 1964ರ ಭೂ ಕಂದಾಯ ಕಾಯ್ದೆಯ ವಿಷಯ, ವಲಯ ಬೇರೆ ಕಾಯ್ದೆಯದು. ವಲಯ ಬದಲಿಸಲು 1961ರ ಕಾಯ್ದೆಯ 14-ಎ ಕಲಂ ಇದೆ. ಅದರಂತೆ ಬದಲಾವಣೆ ಸಾರ್ವಜನಿಕ ಹಿತಕ್ಕಾಗಿರಬೇಕು, ಪ್ರಸ್ತಾವವನ್ನು ದಿನಪತ್ರಿಕೆಯಲ್ಲಿ ಪ್ರಕಟಿಸಿ ಆಕ್ಷೇಪಣೆ ಕರೆಯಬೇಕು. ಪತ್ರಿಕೆಯ ಒಳಪುಟದಲ್ಲಿ ಸರ್ವೆ ನಂಬರ್, ಹೋಬಳಿ, ‘ವಸತಿಯಿಂದ ವಾಣಿಜ್ಯಕ್ಕೆ’ ಎಂದೆಲ್ಲ ಸಣ್ಣಕ್ಷರದಲ್ಲಿ ಬರುವ ಪ್ರಕಟಣೆ ಅದೇ. ನಿಮ್ಮ ಬೀದಿಯ ಸರ್ವೆ ನಂಬರ್ ಅದರಲ್ಲಿ ಕಂಡರೆ, ಕೊಟ್ಟ ಗಡುವಿನೊಳಗೆ ಲಿಖಿತ ಆಕ್ಷೇಪಣೆ ಕೊಟ್ಟು ಸ್ವೀಕೃತಿ ಪಡೆಯಿರಿ.