ಲೂಯಿ ಫಿಲಿಪ್ ಮತ್ತು ಪೇರ್ ಹಣ್ಣು: 1830–35ರ ಫ್ರೆಂಚ್ ವ್ಯಂಗ್ಯಚಿತ್ರಗಳನ್ನು ಓದುವ ಬಗೆ

1830ರ ಜುಲೈ ಕ್ರಾಂತಿಯಲ್ಲಿ ಹತ್ತನೆಯ ಚಾರ್ಲ್ಸ್ ಪಟ್ಟ ಕಳೆದುಕೊಂಡ, ಲೂಯಿ ಫಿಲಿಪ್ ಗದ್ದುಗೆ ಏರಿದ. ಸೆನ್ಸಾರ್ ಇನ್ನೆಂದೂ ಬಾರದು ಎಂದು ಹೊಸ ಸನ್ನದಿನ (ಅಂದರೆ ಸಂವಿಧಾನದ) 7ನೆಯ ವಿಧಿ ಸಾರಿತು. ಅದೇ ನವೆಂಬರಿನಲ್ಲಿ ಶಾರ್ಲ್ ಫಿಲಿಪೋನ್ ‘ಲಾ ಕಾರಿಕಾತ್ಯೂರ್’ ವಾರಪತ್ರಿಕೆ ಆರಂಭಿಸಿದ; 1832ರ ಡಿಸೆಂಬರಿನಲ್ಲಿ ‘ಲ ಶಾರಿವಾರಿ’ ದಿನಪತ್ರಿಕೆ ಬಂತು. ಇಲ್ಲೊಂದು ಎಚ್ಚರ: ಆ ವಿಧಿ ತಡೆದದ್ದು ಅಚ್ಚಾಗುವ ಮುಂಚಿನ ಪರಿಶೀಲನೆಯನ್ನು ಮಾತ್ರ. ಅಚ್ಚಾದ ಮೇಲೆ ಮುಟ್ಟುಗೋಲು, ಮೊಕದ್ದಮೆ, ದಂಡ ಎಲ್ಲವೂ ಇದ್ದವು. ಇವೆರಡನ್ನು ಬೆರೆಸಿದರೆ ಮುಂದಿನದು ಯಾವುದೂ ಅರ್ಥವಾಗದು.

ಚಿತ್ರಗಳು ಇಷ್ಟು ಬೇಗ ಹರಡಿದ್ದು ಕಲ್ಲಚ್ಚಿನಿಂದ. ನಯವಾಗಿ ಉಜ್ಜಿದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಕಡ್ಡಿಯಿಂದ ಚಿತ್ರ ಬರೆಯುತ್ತಾರೆ. ಗೋಂದಿನ ನೀರಿಗೆ ತುಸು ನೈಟ್ರಿಕ್ ಆಮ್ಲ ಬೆರೆಸಿ ಸವರುತ್ತಾರೆ. ಕಲ್ಲನ್ನು ಒದ್ದೆ ಮಾಡಿ ಎಣ್ಣೆ ಶಾಯಿ ಉರುಳಿಸಿದರೆ ಜಿಡ್ಡಿದ್ದಲ್ಲಿ ಮಾತ್ರ ಶಾಯಿ ಹಿಡಿಯುತ್ತದೆ. ಆಮ್ಲ ಹೆಚ್ಚಾದರೆ ನವುರಾದ ಗೆರೆಗಳು ಅಳಿಸಿಹೋಗುತ್ತವೆ, ನೀರು ಕಡಿಮೆಯಾದರೆ ಖಾಲಿ ಜಾಗವೂ ಕಪ್ಪಾಗುತ್ತದೆ. ಚಿತ್ರ ಮಗುಚಿ ಬೀಳುವುದರಿಂದ ಅಕ್ಷರಗಳನ್ನು ಕಲ್ಲಿನ ಮೇಲೆ ತಿರುವುಮುರುವಾಗಿಯೇ ಬರೆಯಬೇಕು. ನಡುವೆ ಕೆತ್ತನೆಗಾರ ಬೇಕಿಲ್ಲ, ಕಲಾವಿದನ ಕೈಗೆರೆಯೇ ಓದುಗನಿಗೆ ತಲುಪುತ್ತದೆ. (1843ರಲ್ಲಿ ನಮ್ಮ ‘ಮಂಗಳೂರ ಸಮಾಚಾರ’ ಅಚ್ಚಾದದ್ದೂ ಕಲ್ಲಚ್ಚಿನಲ್ಲೇ.)

ಈಗ ಹಣ್ಣಿನ ವಿಷಯ. ರಾಜನನ್ನು ಪೇರ್ ಹಣ್ಣಾಗಿ ತೋರಿಸಿದ್ದು ವ್ಯಂಗ್ಯಚಿತ್ರಕಾರ ಒನೊರೆ ದೋಮಿಯೆಯ ಕಲ್ಪನೆ ಎಂದು ಹಲವರು ಬರೆಯುತ್ತಾರೆ, ಅದು ಫಿಲಿಪೋನನದು. ಲೂಯಿ ಫಿಲಿಪ್‌ನನ್ನು ಗಾರೆ ಕೆಲಸದವನಾಗಿ, ಗೋಡೆಯ ಮೇಲಿದ್ದ ಕ್ರಾಂತಿಯ ಗುರುತುಗಳಿಗೆ ಗಾರೆ ಬಳಿಯುವವನಾಗಿ ತೋರಿಸಿದ ಚಿತ್ರಕ್ಕೆ 1831ರ ನವೆಂಬರಿನಲ್ಲಿ ಫಿಲಿಪೋನನ ಮೇಲೆ ವಿಚಾರಣೆ ನಡೆಯಿತು. ನ್ಯಾಯಾಲಯದಲ್ಲೇ ಅವನು ನಾಲ್ಕು ರೇಖಾಚಿತ್ರ ಮುಂದಿಟ್ಟ. ಮೊದಲನೆಯದು ರಾಜನ ಮುಖ. ಎರಡು, ಮೂರರಲ್ಲಿ ಕೆನ್ನೆ ಊದುತ್ತ ತಲೆ ಕಿರಿದಾಗುತ್ತದೆ. ನಾಲ್ಕನೆಯದು ಬರೀ ಪೇರ್ ಹಣ್ಣು. ಹೋಲಿಕೆಯೇ ಅಪರಾಧವಾದರೆ ಒಂದನ್ನು ಹೋಲುವ ಇನ್ನೊಂದನ್ನೂ ಶಿಕ್ಷಿಸಬೇಕು, ಕೊನೆಗೆ ಹಣ್ಣನ್ನೂ ಶಿಕ್ಷಿಸಬೇಕು ಎಂಬುದು ಅವನ ವಾದ. ಸೋತ. 6 ತಿಂಗಳ ಸೆರೆ, 2,000 ಫ್ರಾಂಕ್ ದಂಡ. ಆದರೆ ಸಂಕೇತ ಗೆದ್ದಿತು. ಗೋಡೆಯ ಮೇಲೆ ಹಣ್ಣು ಗೀಚಿದರೆ ಸಾಕು, ಯಾರೆಂದು ಎಲ್ಲರಿಗೂ ಗೊತ್ತಾಗುತ್ತಿತ್ತು. 1834ರ ಫೆಬ್ರವರಿಯಲ್ಲಿ ‘ಶಾರಿವಾರಿ’ ತನ್ನ ವಿರುದ್ಧದ ತೀರ್ಪನ್ನು ಪ್ರಕಟಿಸುವಾಗ ಅಕ್ಷರಗಳನ್ನೇ ಪೇರ್ ಹಣ್ಣಿನ ಆಕಾರದಲ್ಲಿ ಜೋಡಿಸಿತು. ಇಡೀ ಕಾಲಘಟ್ಟದಲ್ಲಿ ಇದಕ್ಕಿಂತ ಜಾಣ ಪುಟವಿಲ್ಲ.

ದೋಮಿಯೆಯ ‘ಗಾರ್ಗಾಂತ್ಯುಆ’ (1831; ಹೆಸರು ರಾಬ್ಲೆಯ ಕಥೆಯ ಹೊಟ್ಟೆಬಾಕ ದೈತ್ಯನದು) ಚಿತ್ರವನ್ನು ಕೆಳಗಿನಿಂದ ಮೇಲಕ್ಕೆ ಓದಿ. ಬಲಬದಿಯಲ್ಲಿ ಹರಕು ಬಟ್ಟೆಯ ಬಡವರು ಬುಟ್ಟಿಗೆ ನಾಣ್ಯ ಹಾಕುತ್ತಿದ್ದಾರೆ. ಹೊರುವವರು ಇಳಿಜಾರಿನ ಹಲಗೆ ಹತ್ತಿ ಆ ಬುಟ್ಟಿಗಳನ್ನು ರಾಜನ ತೆರೆದ ಬಾಯಿಗೆ ಸುರಿಯುತ್ತಾರೆ. ರಾಜ ಕೂತಿರುವುದು ಶೌಚದ ಕುರ್ಚಿಯ ಮೇಲೆ. ಅದರಡಿಯಿಂದ ಪದವಿ, ಬಿರುದುಗಳ ಕಾಗದಗಳು ಉದುರುತ್ತವೆ, ಆಯಲು ಕೃಪಾಪಾತ್ರರು ಮುಗಿಬಿದ್ದಿದ್ದಾರೆ. ರಾಜನ ವಾರ್ಷಿಕ ಭತ್ಯೆ ಆಗ ಚರ್ಚೆಯಲ್ಲಿತ್ತು. 1832ರಲ್ಲಿ ಅದು 1.2 ಕೋಟಿ ಫ್ರಾಂಕ್ ಎಂದು ನಿಗದಿಯಾಯಿತು. ಈ ಹಿನ್ನೆಲೆ ಗಮನಿಸದೆ ‘ದುರಾಸೆಯ ರಾಜ’ ಎಂದಷ್ಟೇ ಓದಿದರೆ ಅದು ಅರ್ಧ ಓದು. ದೋಮಿಯೆಗೆ 6 ತಿಂಗಳ ಸೆರೆ, 500 ಫ್ರಾಂಕ್ ದಂಡ ಬಿತ್ತು.

1835ರ ಜುಲೈ 28ರಂದು ಫಿಯೆಸ್ಕಿ ಎಂಬವನು ರಾಜನ ಕೊಲೆಗೆ ಯತ್ನಿಸಿದ. ಸೆಪ್ಟೆಂಬರಿನಲ್ಲಿ ಬಂದ ಕಾನೂನು ಚಿತ್ರಗಳಿಗೆ ಪೂರ್ವಾನುಮತಿ ಕಡ್ಡಾಯ ಮಾಡಿತು. ಸನ್ನದು ಕಾಪಾಡುವುದು ಅಭಿಪ್ರಾಯವನ್ನು, ಚಿತ್ರ ಕಣ್ಣಿಗೆ ನೇರ ತಾಗುವ ಕೃತ್ಯ ಎಂಬುದು ಸರ್ಕಾರದ ಸಮರ್ಥನೆ. ಬರಹಕ್ಕೆ ಇಲ್ಲದ ಕಟ್ಟು ಚಿತ್ರಕ್ಕೆ ಬಿದ್ದದ್ದು ಹೀಗೆ. ‘ಲಾ ಕಾರಿಕಾತ್ಯೂರ್’ ಆಗಲೇ ನಿಂತಿತ್ತು. ‘ಶಾರಿವಾರಿ’ ಉಳಿಯಿತು. ದೋಮಿಯೆ ಅದರಲ್ಲಿ 1836ರಿಂದ ರೋಬೇರ್ ಮಕೇರ್ ಎಂಬ ಕಾಲ್ಪನಿಕ ವಂಚಕನನ್ನು ಬ್ಯಾಂಕರ್, ವಕೀಲ, ಷೇರು ಮಾರುವವನಾಗಿ ಚಿತ್ರಿಸಿದ, ಅಡಿಬರಹ ಫಿಲಿಪೋನನದು. 1835ರ ನಂತರದ ಹಾಳೆಗಳಲ್ಲಿ ರಾಜನ ಮುಖ ಹುಡುಕುವ ಬದಲು ಅವನ ಆಳ್ವಿಕೆಯಲ್ಲಿ ದುಡ್ಡು ಮಾಡಿಕೊಂಡವರು ಯಾರು ಎಂದು ನೋಡಿ.