ಬಿಟಿಇ, ಆರ್‌ಐಸಿ, ಸಿಐಸಿ: ಕಿವಿ ಮಷೀನಿನ ಮೂರು ಹೆಸರುಗಳು

ಕಿವಿ ಪರೀಕ್ಷೆ ಮುಗಿದ ಮೇಲೆ ಕೈಗೆ ಬರುವ ಚೀಟಿಯಲ್ಲಿ ಈ ಅಕ್ಷರಗಳಿರುತ್ತವೆ. ಇವು ಕಂಪನಿ ಹೆಸರುಗಳಲ್ಲ. ಮಷೀನು ಕಿವಿಯಲ್ಲಿ ಎಲ್ಲಿ ಕೂರುತ್ತದೆ ಅನ್ನುವುದನ್ನು ಹೇಳುತ್ತವೆ, ಅಷ್ಟೇ.

ಬಿಟಿಇ ಅಂದರೆ ಬಿಹೈಂಡ್ ದಿ ಇಯರ್. ಮೈಕು, ಬ್ಯಾಟರಿ, ಸ್ಪೀಕರ್ ಎಲ್ಲವೂ ಕಿವಿಯ ಹಿಂದೆ. ಸದ್ದು ಒಂದು ಕೊಳವೆಯಲ್ಲಿ ಇಳಿದು, ಕಿವಿಯ ಅಚ್ಚು ತೆಗೆದು ಮಾಡಿದ ಮೋಲ್ಡಿನ ಮೂಲಕ ಒಳಗೆ ಹೋಗುತ್ತದೆ. ಆರ್‌ಐಸಿ, ಅಂದರೆ ರಿಸೀವರ್ ಇನ್ ಕೆನಾಲ್, ಕೂಡ ಹಿಂದೆಯೇ ಕೂರುತ್ತದೆ. ಸ್ಪೀಕರ್ ಮಾತ್ರ ತೆಳು ತಂತಿಯ ತುದಿಯಲ್ಲಿ ಕಿವಿಯೊಳಗೆ ಇರುತ್ತದೆ. ಸಿಐಸಿ, ಕಂಪ್ಲೀಟ್ಲಿ ಇನ್ ಕೆನಾಲ್, ಪೂರ್ತಿ ಒಳಗೇ.

"ಯಾರಿಗೂ ಕಾಣದಂಥದ್ದು ಕೊಡಿ" ಅಂತಲೇ ಜಾಸ್ತಿ ಜನ ಕೇಳುವುದು. ನಮ್ಮ ಅಪ್ಪನೂ ಹಾಗೇ ಕೇಳಿ ಸಿಐಸಿ ತಂದರು. ಅದಕ್ಕೆ ಹಾಕುವುದು ಹಳದಿ ಸ್ಟಿಕ್ಕರಿನ 10ನೇ ನಂಬರ್ ಬ್ಯಾಟರಿ, ಗುಂಡಿಗಿಂತ ಚಿಕ್ಕದು. ನಡುಗುವ ಬೆರಳಿಗೆ ಅದು ನಿಲ್ಲಲೇ ಇಲ್ಲ. ಎರಡೇ ತಿಂಗಳಿಗೆ ಮಷೀನು ಬೀರು ಸೇರಿತು. ಬೆರಳಿನ ಬಗ್ಗೆ ನಾವು ಮೊದಲೇ ಯೋಚಿಸಬೇಕಿತ್ತು ಅನ್ನುವ ನೋವು ನನಗೆ ಈಗಲೂ ಇದೆ.

ಇನ್ನೊಂದು ಮಾತು. ಎರಡೂ ಕಿವಿಗೆ ಬೆರಳಿಟ್ಟು "ಈ" ಅನ್ನಿ. ಕೊಡದೊಳಗೆ ಮಾತಾಡಿದ ಹಾಗೆ ಕೇಳಿಸುತ್ತದೆ, ಅಲ್ವಾ? ಇದನ್ನು ಆಕ್ಲೂಷನ್ ಅನ್ನುತ್ತಾರೆ. ವಯಸ್ಸಾದಾಗ ಸಾಮಾನ್ಯವಾಗಿ ಮೊದಲು ಕಳೆದುಹೋಗುವುದು ಸ, ಷ, ತ ದಂಥ ಹರಿತವಾದ ಸದ್ದುಗಳು. "ಸಾಕು" ಅಂದರೆ "ಹಾಕು" ಅಂತ ಕೇಳಿಸಬಹುದು. ದಪ್ಪ ಸದ್ದುಗಳು ಚೆನ್ನಾಗೇ ಕೇಳುತ್ತಿರುತ್ತವೆ. ಅಂಥವರ ಕಿವಿಯನ್ನು ಪೂರ್ತಿ ಮುಚ್ಚಿದರೆ ತಮ್ಮ ದನಿಯೇ ತಮಗೆ ಹಿಂಸೆ. ತೂತಿರುವ ಮೆತ್ತನೆ ಡೋಮ್, ಅಂದರೆ ಸ್ಪೀಕರ್ ತುದಿಗೆ ಹಾಕುವ ಪುಟ್ಟ ಟೋಪಿ, ಇರುವ ಆರ್‌ಐಸಿ ಅವರಿಗೆ ಹಿತ.

ಆದರೆ ಕಿವಿಯಲ್ಲಿ ಗುಗ್ಗೆ ಜಾಸ್ತಿ ಇದ್ದರೆ, ಕಿವಿ ಸೋರುತ್ತಿದ್ದರೆ, ಒಳಗಿರುವ ಸ್ಪೀಕರ್ ಬೇಗ ಕೆಡುತ್ತದೆ. ಆಗ ಬಿಟಿಇ ವಾಸಿ. ತುಂಬಾ ಮಂದವಾಗಿ ಕೇಳುವವರಿಗೂ ಅದೇ, ಏಕೆಂದರೆ ಅದರಲ್ಲಿ ಶಕ್ತಿ ಹೆಚ್ಚು. ಮಕ್ಕಳಿಗೂ ಬಿಟಿಇಯೇ. ಕಿವಿ ಬೆಳೆದಂತೆ ಮೋಲ್ಡ್ ಮಾತ್ರ ಬದಲಿಸಿದರೆ ಸಾಕು.

ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ವಾಕ್ ಶ್ರವಣ ಸಂಸ್ಥೆಗೆ ಹೋಗಿ, ನಿಮ್ಮೂರಿನಲ್ಲಿ ಕಿವಿ ಪರೀಕ್ಷೆ ಮಾಡುವ ಆಡಿಯಾಲಜಿಸ್ಟ್ ಹತ್ತಿರವೇ ಹೋಗಿ, ದುಡ್ಡು ಕೊಡುವ ಮುಂಚೆ ಒಂದು ಕೆಲಸ ಮಾಡಿ. ಹಾಕಿಕೊಳ್ಳುವವರೇ ಮಷೀನನ್ನು ಹಾಕಿ ತೆಗೆಯಲಿ, ಬ್ಯಾಟರಿಯನ್ನೂ ಅವರೇ ಬದಲಿಸಲಿ. ಮೂರು ಸಲ, ಯಾರ ಸಹಾಯವೂ ಇಲ್ಲದೆ.