ಕರಗುತ್ತಾನೆ ಅಂತ ಗೊತ್ತಿದ್ದೂ ಸ್ನೋಮ್ಯಾನ್ ಮಕ್ಕಳಿಗೆ ಯಾಕಿಷ್ಟು ಇಷ್ಟ?

ಓದುಗರ ಪ್ರಶ್ನೆ: ಮಕ್ಕಳ ಪುಸ್ತಕಗಳಲ್ಲಿ ಹಿಮದ ಗೊಂಬೆ ಪದೇ ಪದೇ ಬರುತ್ತದೆ. ಎಷ್ಟೋ ಕಥೆಗಳಲ್ಲಿ ಕೊನೆಗೆ ಕರಗಿಯೇ ಹೋಗುತ್ತದೆ, ಕೇಳಿದ ಮಗು ಅಳುತ್ತದೆ. ಆದರೂ ಮಾರನೇ ದಿನ ಅದೇ ಕಥೆ ಬೇಕು ಅಂತ ಹಟ ಮಾಡುತ್ತದೆ. ಯಾಕೆ?

ಕರಗುತ್ತದೆ ಅನ್ನುವ ಕಾರಣಕ್ಕೇ ಬೇಕು ಅನ್ನುತ್ತದೆ ಅಂತ ನನ್ನ ಅನಿಸಿಕೆ. ಆದರೆ ಕಥೆಗಿಂತ ಮೊದಲು ಆಟ ನೋಡೋಣ.

ಮಕ್ಕಳು ಕೈಯಾರೆ ಮಾಡುವುದೆಲ್ಲ ಸಾಮಾನ್ಯವಾಗಿ ಅವರಿಗಿಂತ ಚಿಕ್ಕದು. ಮರಳಿನ ಗುಡ್ಡೆ, ಜೇಡಿಮಣ್ಣಿನ ಗೊಂಬೆ, ಬ್ಲಾಕ್‌ಗಳ ಮನೆ, ಯಾವುದೂ ಮೊಣಕಾಲು ದಾಟುವುದಿಲ್ಲ. ಹಿಮದ ಗೊಂಬೆ ಹಾಗಲ್ಲ. ಮುಷ್ಟಿಯಷ್ಟು ಉಂಡೆಯನ್ನು ನೆಲದ ಮೇಲೆ ಉರುಳಿಸುತ್ತಾ ಹೋದರೆ ಸಾಕು, ಅದು ದಾರಿಯ ಹಿಮವನ್ನೆಲ್ಲ ಮೆತ್ತಿಕೊಂಡು ಊದುತ್ತಾ ಬಂದು ಕೊನೆಗೆ ತಳ್ಳುವುದಕ್ಕೆ ಇಬ್ಬರು ಬೇಕಾಗುವಷ್ಟು ದಪ್ಪ ಆಗುತ್ತದೆ. ಐದು ವರ್ಷದ ಮಗುವೂ ಯಾರದೋ ಸ್ವಲ್ಪ ಸಹಾಯ ಪಡೆದು ಒಂದೇ ಮಧ್ಯಾಹ್ನದಲ್ಲಿ ತನಗಿಂತ ಎತ್ತರದವನೊಬ್ಬನನ್ನು ನಿಲ್ಲಿಸಿಬಿಡಬಹುದು. ಎರಡು ಕಣ್ಣು ಒತ್ತಿ ಮೂಗು ಚುಚ್ಚಿದ ಕೂಡಲೇ 'ಅದು' ಹೋಗಿ 'ಅವನು' ಬರುತ್ತಾನೆ.

ಯಾವ ಹಿಮದಲ್ಲಿ ಬೇಕಾದರೂ ಇದು ಆಗುವುದಿಲ್ಲ. ಸೊನ್ನೆ ಡಿಗ್ರಿ ಆಸುಪಾಸಿನ, ಕೊಂಚ ಒದ್ದೆ ಹಿಮ ಬೇಕು. ಹರಳುಗಳ ಮೇಲಿನ ತೆಳ್ಳನೆಯ ನೀರೇ ಅವುಗಳನ್ನು ಅಂಟಿಸುತ್ತದೆ. ಜಾಸ್ತಿ ಚಳಿಯ ಒಣ ಹಿಮ ಸುಮ್ನೆ ಪುಡಿಯಾಗಿ ಉದುರುತ್ತದೆ. ಅಂದರೆ ಗೊಂಬೆ ಮಾಡುವುದಕ್ಕೆ ಒಳ್ಳೆಯ ದಿನವೇ ಅದು ಕರಗುವುದಕ್ಕೂ ಹತ್ತಿರದ ದಿನ.

ದೊಡ್ಡವರೂ ಇದರಲ್ಲಿ ಹಿಂದೆ ಬಿದ್ದವರಲ್ಲ. 1494ರಲ್ಲಿ ಇಟಲಿಯ ಫ್ಲಾರೆನ್ಸ್‌ನಲ್ಲಿ, ಊರಿನ ಪ್ರಭಾವಿ ಮೆಡಿಚಿ ಮನೆತನದ ಅಂಗಳದಲ್ಲಿ ಶಿಲ್ಪಿ ಮೈಕೆಲಾಂಜೆಲೊ ಹಿಮದ ಪ್ರತಿಮೆ ಮಾಡಿಕೊಟ್ಟಿದ್ದ. 1511ರ ಕಡು ಚಳಿಯಲ್ಲಿ ಬ್ರಸೆಲ್ಸ್ ಜನ ಊರ ತುಂಬಾ ಹಿಮದ ಪ್ರತಿಮೆಗಳನ್ನು ನಿಲ್ಲಿಸಿದರು. ಅದರಲ್ಲಿ ಕೆಲವು ಮಕ್ಕಳಿಗೆ ತೋರಿಸುವಂಥವೇ ಅಲ್ಲ.

ಈಗ ಕಥೆಗಳಿಗೆ ಬರೋಣ. ಹಳೆಯ ಹಿಮದ ಕಥೆಗಳನ್ನು ಒಟ್ಟಿಗೆ ಓದಿದರೆ ಒಂದು ವಿಷಯ ಕಣ್ಣಿಗೆ ಬೀಳುತ್ತದೆ. ಇಲ್ಲಿ ರಾಕ್ಷಸ ಇಲ್ಲ, ಮಲತಾಯಿ ಇಲ್ಲ. ಗೊಂಬೆಯನ್ನು ಕೊಲ್ಲುವುದು ಬೆಚ್ಚಗಿನ ಪ್ರೀತಿ. ಡೆನ್ಮಾರ್ಕ್‌ನ ಹ್ಯಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ 1861ರಲ್ಲಿ ಬರೆದ ಕಥೆಯಲ್ಲಿ ಹಿಮದ ಮನುಷ್ಯ ಕಿಟಕಿಯಿಂದ ಕಾಣುವ ಒಲೆಯನ್ನೇ ಪ್ರೀತಿಸುತ್ತಾನೆ. ಅವನು ಕರಗಿದ ಮೇಲೆ ಒಳಗಿನಿಂದ ಒಲೆ ಕೆದಕುವ ಕೋಲು ಹೊರಬೀಳುತ್ತದೆ. ಅವನ ಬೆನ್ನೆಲುಬೇ ಅದಾಗಿತ್ತು! ಅಮೆರಿಕದ ನಥಾನಿಯಲ್ ಹಾಥಾರ್ನ್ ಕಥೆಯಲ್ಲಿ ಇಬ್ಬರು ಮಕ್ಕಳು ಮಾಡಿದ ಹಿಮದ ಹುಡುಗಿಗೆ ಜೀವ ಬರುತ್ತದೆ. ಅಪ್ಪ ಒಳ್ಳೆಯವನು, ಪಾಪ, ಯಾರೋ ಮಗು ಚಳಿಯಲ್ಲಿ ನಡುಗುತ್ತಿದೆ ಅಂದುಕೊಂಡು, ಮಕ್ಕಳು ಬೇಡ ಬೇಡ ಅಂದರೂ ಕೇಳದೆ, ಅವಳನ್ನು ಒಳಗೆ ಕರೆತಂದು ಒಲೆಯ ಮುಂದೆ ನಿಲ್ಲಿಸುತ್ತಾನೆ. ಮುಂದೇನಾಯಿತು ಅಂತ ಹೇಳಬೇಕಿಲ್ಲ ಅಲ್ವಾ? ರಷ್ಯಾದ ಸ್ನೆಗುರೋಚ್ಕಾ ಕೂಡ ಹಿಮದ ಹುಡುಗಿಯೇ. ಜನಪದ ಕಥೆಯೊಂದರಲ್ಲಿ ಗೆಳತಿಯರ ಜೊತೆ ಬೆಂಕಿ ಹಾರಲು ಹೋಗಿ ಆವಿಯಾಗುತ್ತಾಳೆ. ಅವಳ ಮೇಲೆಯೇ ಬರೆದ 1873ರ ನಾಟಕದಲ್ಲಿ ಪ್ರೀತಿ ಹುಟ್ಟಿದ ಮೇಲೆ ಬಿಸಿಲಿಗೆ ಕರಗುತ್ತಾಳೆ.

ಮಕ್ಕಳು ಇದನ್ನು ತಕ್ಷಣ ಹಿಡಿಯುತ್ತಾರೆ. ಅವರಿಗೆ ಪ್ರೀತಿ ತೋರಿಸುವುದು ಅಂದರೆ ಅಪ್ಪಿಕೊಳ್ಳುವುದು, ಹೊದಿಸುವುದು, ಒಳಗೆ ಕರೆದುಕೊಂಡು ಬರುವುದು. ಹಿಮದ ಗೊಂಬೆಗೆ ಅದ್ಯಾವುದೂ ಆಗಿಬರುವುದಿಲ್ಲ. ಕಥೆಯಲ್ಲಿ ದೊಡ್ಡವರಿಗೆ ಗೊತ್ತಿಲ್ಲದ್ದು ಕೇಳುವ ಮಗುವಿಗೆ ಮೊದಲೇ ಗೊತ್ತಿರುತ್ತದೆ. 'ಒಳಗೆ ಕರೀಬೇಡ' ಅಂತ ಕೂಗುವ ಆ ಸಂಕಟದಲ್ಲೇ ಅರ್ಧ ಮಜಾ ಇದೆ.

ಅಂದಹಾಗೆ, ಗೊಂಬೆಗೆ ಕೋಟು ಹಾಕಿದರೆ ಬೇಗ ಕರಗುತ್ತದೆ ಅಂತ ಎಷ್ಟೋ ಮಕ್ಕಳು ಹೆದರುತ್ತಾರೆ. ನಿಜ ಉಲ್ಟಾ. ಕೋಟು ತಾನಾಗಿ ಬಿಸಿ ಹುಟ್ಟಿಸುವುದಿಲ್ಲ. ನಮ್ಮ ಮೈಯ ಬಿಸಿಯನ್ನು ಹೊರಗೆ ಬಿಡದ ಹಾಗೆಯೇ, ಹೊರಗಿನ ಬಿಸಿಯನ್ನು ಗೊಂಬೆಯ ಹತ್ತಿರ ಬಿಡುವುದಿಲ್ಲ. ಕೋಟು ಹಾಕಿದವನೇ ಜಾಸ್ತಿ ಹೊತ್ತು ನಿಲ್ಲುತ್ತಾನೆ.

ಈಚಿನ ಕಥೆಗಳಲ್ಲಿ ಕರಗುವುದಕ್ಕೆ ಪರಿಹಾರ ಹುಡುಕುವ ಚಾಳಿ ಇದೆ. 1950ರ ಇಂಗ್ಲಿಷ್ ಹಾಡಿನ ಹಿಮದ ಗೊಂಬೆ ಫ್ರಾಸ್ಟಿ 'ಮತ್ತೆ ಬರುತ್ತೇನೆ' ಅಂತ ಹೇಳಿ ಹೋಗುತ್ತಾನೆ. 2013ರ ಫ್ರೋಜನ್ ಸಿನಿಮಾದ ಹಿಮದ ಗೊಂಬೆ ಓಲಾಫ್‌ಗಂತೂ ತಲೆಯ ಮೇಲೆ ಸ್ವಂತ ಹಿಮದ ಮೋಡವನ್ನೇ ಕೊಟ್ಟಿದ್ದಾರೆ. ಚೆನ್ನಾಗಿದೆ, ಮಕ್ಕಳು ನಗುತ್ತಾರೆ. ನನಗೆ ಮಾತ್ರ ಇದು ಸ್ವಲ್ಪ ಮೋಸದಾಟ ಅನ್ನಿಸುತ್ತದೆ. ಬ್ರಿಟನ್ನಿನ ರೇಮಂಡ್ ಬ್ರಿಗ್ಸ್ ಹೀಗೆ ಮಾಡಲಿಲ್ಲ. 1978ರ ಅವರ 'ದ ಸ್ನೋಮ್ಯಾನ್' ಚಿತ್ರಪುಸ್ತಕದಲ್ಲಿ ಹುಡುಗ ಬೆಳಗ್ಗೆ ಎದ್ದು ಹೊರಗೆ ಓಡುತ್ತಾನೆ, ಗೆಳೆಯ ಕರಗಿಹೋಗಿದ್ದಾನೆ. ಅಷ್ಟೇ. ಸಮಾಧಾನ ಹೇಳುವುದಕ್ಕೆ ಪುಸ್ತಕದಲ್ಲಿ ಒಂದು ಮಾತೂ ಇಲ್ಲ, ಅದು ಇಡೀ ಮಾತಿಲ್ಲದ ಪುಸ್ತಕ. ಇದೇ ಕಥೆಯ ಜೊತೆ ಹಲವರು ನೆನೆಯುವ ಕ್ರಿಸ್‌ಮಸ್ ತಾತ ಅದರ 1982ರ ಅನಿಮೇಷನ್ ಚಿತ್ರದಲ್ಲಿ ಸೇರಿಕೊಂಡವನು, ಪುಸ್ತಕದಲ್ಲಿ ಅವನಿಲ್ಲ.

ಅಳುವ ಮಗುವಿಗೆ ಯಾವುದನ್ನು ಓದಿಸೋಣ ಅಂದರೆ, ನಾನು ಬ್ರಿಗ್ಸ್‌ರಿಂದಲೇ ಶುರು ಮಾಡಿ ಅನ್ನುತ್ತೇನೆ. ಮಾತಿಲ್ಲದ್ದರಿಂದ ಮಗುವೇ ಕಥೆ ಹೇಳುತ್ತದೆ, ಬೇಕಾದಲ್ಲಿ ನಿಲ್ಲುತ್ತದೆ, ಕೊನೆಯ ಪುಟದಿಂದ ಮೊದಲ ಪುಟಕ್ಕೆ ಹಾರುತ್ತದೆ. ತಡೆಯಬೇಡಿ. ಆಂಡರ್ಸನ್ ಎಂಟು-ಒಂಬತ್ತು ವರ್ಷದವರಿಗೆ ಸರಿ, ಒಲೆಯ ಕೋಲಿನ ತಮಾಷೆ ಆಗಲೇ ಹತ್ತುವುದು. ಹಾಥಾರ್ನ್ ಕಥೆಯನ್ನು ನೀವೇ ಓದಿಕೊಳ್ಳಿ. ಅದರಲ್ಲಿ ಬೈಸಿಕೊಳ್ಳುವವರು ಅಪ್ಪಂದಿರು.